‘ಅತ್ತು ಸಾವಿರ’ ಅಂದರೆ ಎಷ್ಟು? ಮಹಿಳಾ ಹಸಿರು ಉದ್ಯಮಿಗಳ ಸಮ್ಮೇಳನದಲ್ಲಿ ದುಭಾಷಿ ಕೆಲಸ ಮಾಡುವ ಬಗೆ

ಮೈಸೂರಿನ ಒಂದು ಸಭಾಂಗಣ. ವೇದಿಕೆಯ ಮೇಲೆ ಮಂಡ್ಯ ಕಡೆಯ ಒಬ್ಬ ಅಕ್ಕ ಹಪ್ಪಳದ ಲೆಕ್ಕ ಹೇಳುತ್ತಿದ್ದರು. “ಖರ್ಚೆಲ್ಲ ಕಳ್ದು ತಿಂಗ್ಳಿಗೆ ಅತ್ತು ಸಾವಿರ ಉಳೀತದೆ” ಅಂದರು. ಸಭೆಯ ಹಿಂದಿನ ಗಾಜಿನ ಬೂತಿನಲ್ಲಿ ನನ್ನ ಪಕ್ಕ ಕೂತಿದ್ದವಳು ಕರಾವಳಿಯ ಹುಡುಗಿ. ವೇದಿಕೆಯ ಕನ್ನಡವನ್ನು ಆಗಿಂದಾಗಲೇ ಇಂಗ್ಲಿಷಿನಲ್ಲಿ ಹೇಳುವ ಸರದಿ ಅವಳದು, ಮೈಕ್ ಅವಳ ಕೈಯಲ್ಲಿತ್ತು. ಒಂದು ಕ್ಷಣ ನಿಂತುಬಿಟ್ಟಳು. ಯಾರು ಅತ್ತರು, ಯಾಕೆ ಅತ್ತರು ಅಂತ ಅವಳ ಕಣ್ಣು ನನ್ನನ್ನು ಕೇಳಿತು. ನಾನು ಪ್ಯಾಡಿನ ಮೇಲೆ 10,000 ಅಂತ ಬರೆದು ಅವಳ ಕಡೆ ತಳ್ಳಿದೆ. ಮಂಡ್ಯದ ಮಾತಿನಲ್ಲಿ ‘ಹ’ಕಾರ ಸುಮ್ನೆ ಉದುರಿಹೋಗುತ್ತದೆ. ಹಾಲು ಆಲಾಗುತ್ತದೆ, ಹಣ ಅಣವಾಗುತ್ತದೆ, ಹಪ್ಪಳ ಅಪ್ಪಳವಾಗುತ್ತದೆ. ಅವಳ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಚೆನ್ನಾಗಿತ್ತು. ಆದರೂ ಸಿಕ್ಕಿಬಿದ್ದದ್ದು ಕನ್ನಡದಲ್ಲಿ.

ಈ ದುಭಾಷಿ ಕೆಲಸಕ್ಕೆ ಬರುವ ಹೊಸಬರು ಇಂಗ್ಲಿಷಿಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಹೆದರಬೇಕಾದದ್ದು ಕನ್ನಡಕ್ಕೆ. ಅದರಲ್ಲೂ ಹೆಣ್ಣುಮಕ್ಕಳು ತಾವು ಮಾಡುವ ಕೆಲಸದ ಬಗ್ಗೆ ಮಾತಾಡುವ ಕನ್ನಡಕ್ಕೆ. ಅಡಿಕೆ ಹಾಳೆ ತಟ್ಟೆ, ಎರೆಗೊಬ್ಬರ, ಗಾಣದ ಎಣ್ಣೆ, ಸಿರಿಧಾನ್ಯದ ತಿಂಡಿ, ಬಾಳೆ ನಾರಿನ ಚೀಲ ಮಾಡುವವರನ್ನು ಒಂದೆಡೆ ಸೇರಿಸುವ ಸಭೆಗಳು ನಮ್ಮ ಕಡೆ ಆಗಾಗ ನಡೆಯುತ್ತವೆ. ಹೊರಗಿನಿಂದ ತಜ್ಞರು, ಹಣ ಹೂಡುವವರು, ಬ್ಯಾಂಕಿನವರು ಬರುತ್ತಾರೆ. ಮಧ್ಯೆ ಕೂರುವವರು ನಾವು. ಅಂಥ ಒಂದು ಕೆಲಸ ನಿಮಗೆ ಬಂದರೆ ಮೊದಲ ಫೋನಿನಿಂದ ಹಿಡಿದು ಕೊನೆಯ ಬಿಲ್ಲಿನವರೆಗೆ ಏನೇನು ಮಾಡಬೇಕು ಅಂತ ಹೇಳುತ್ತೇನೆ.

ಹಂತ 1: ‘ಸರಿ’ ಅನ್ನುವ ಮುಂಚೆ ನಾಲ್ಕು ಮಾತು ಕೇಳಿ

ಫೋನ್ ಮಾಡುವವರು ಸಾಮಾನ್ಯವಾಗಿ ಹೇಳುವುದು ಇಷ್ಟೇ: “ಮೇಡಂ, ಒಂದು ಟ್ರಾನ್ಸ್‌ಲೇಶನ್ ಇದೆ, ಬೆಳಿಗ್ಗೆಯಿಂದ ಸಂಜೆವರೆಗೆ, ಬರ್ತೀರಾ?” ಬರೆದದ್ದನ್ನು ಬರೆಯುವುದು ಬೇರೆ, ಆಡಿದ್ದನ್ನು ಆಡುವುದು ಬೇರೆ ಅಂತ ಅವರಿಗೆ ಪಾಠ ಮಾಡುವ ಅಗತ್ಯವಿಲ್ಲ. ಆದರೆ ನೀವು ಯಾವ ಬಗೆಯ ಕೆಲಸಕ್ಕೆ ಹೋಗುತ್ತಿದ್ದೀರಿ ಅಂತ ನಿಮಗೆ ಗೊತ್ತಿರಬೇಕು.

ಬಗೆ ಮೂರು. ಭಾಷಣ ನಡೆಯುತ್ತಿರುವಾಗಲೇ ಬೂತಿನಲ್ಲಿ ಕೂತು ಜೊತೆಜೊತೆಗೆ ಹೇಳುವುದು ಒಂದು, ಅದನ್ನು ಸಭೆಯವರು ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಭಾಷಣಕಾರರು ಎರಡು-ಮೂರು ನಿಮಿಷ ಮಾತಾಡಿ ನಿಲ್ಲಿಸಿದ ಮೇಲೆ ಟಿಪ್ಪಣಿ ನೋಡಿಕೊಂಡು ಹೇಳುವುದು ಇನ್ನೊಂದು. ಒಬ್ಬಿಬ್ಬರ ಪಕ್ಕ ಕೂತು ಕಿವಿಯಲ್ಲಿ ಪಿಸುಗುಡುವುದು ಮೂರನೆಯದು. ಮೊದಲನೆಯದಕ್ಕೆ ಯಂತ್ರ ಬೇಕು, ಜೊತೆಗಾರರು ಬೇಕು. ಎರಡನೆಯದಕ್ಕೆ ಸಮಯ ಬೇಕು, ಏಕೆಂದರೆ ಸಭೆಯ ಅವಧಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಆಯೋಜಕರು ಬಹಳ ಸಲ ಎರಡನೆಯದರ ದುಡ್ಡಿನಲ್ಲಿ ಮೊದಲನೆಯದನ್ನು ಕೇಳುತ್ತಾರೆ.

ಹಾಗಾಗಿ ಕೇಳಿ: ಬೂತ್ ಇದೆಯಾ? ನನ್ನ ಜೊತೆ ಇನ್ನೊಬ್ಬರು ಇದ್ದಾರಾ? ಇಂಗ್ಲಿಷಿನಿಂದ ಕನ್ನಡಕ್ಕೆ ಮಾತ್ರವಾ, ಕನ್ನಡದಿಂದ ಇಂಗ್ಲಿಷಿಗೂ ಉಂಟಾ? ಭಾಷಣಗಳ ಸ್ಲೈಡು ಯಾವಾಗ ಕಳಿಸುತ್ತೀರಿ?

ಮೂರನೆಯ ಪ್ರಶ್ನೆಯನ್ನು ಒತ್ತಿ ಕೇಳಿ. ಎಷ್ಟೋ ಕಡೆ ಅನುವಾದ ಅಂದರೆ ಇಂಗ್ಲಿಷಿನವರು ಹೇಳಿದ್ದು ಕನ್ನಡದ ಹೆಣ್ಣುಮಕ್ಕಳಿಗೆ ತಲುಪುವುದು ಅಷ್ಟೇ ಅಂದುಕೊಂಡಿರುತ್ತಾರೆ. ಹೆಣ್ಣುಮಕ್ಕಳು ಹೇಳಿದ್ದು ಆ ಕಡೆಗೆ ತಲುಪಲು ಏರ್ಪಾಡೇ ಇರುವುದಿಲ್ಲ. ಆಗ ಅವರು ಇಡೀ ದಿನ ಕೇಳಿಸಿಕೊಂಡು, ಊಟ ಮಾಡಿ, ಗ್ರೂಪ್ ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ವಿದೇಶದ ಅತಿಥಿಗೂ ಒಂದು ಹೆಡ್‌ಫೋನ್ ಬೇಕು ಅಂತ ಮೊದಲ ದಿನವೇ ಹೇಳಿಬಿಡಿ. ಆಮೇಲೆ ಹೇಳಿದರೆ ಯಂತ್ರ ಬಾಡಿಗೆಗೆ ಕೊಡುವವರ ಹತ್ತಿರ ಸೆಟ್ ಮುಗಿದಿರುತ್ತದೆ.

ಒಬ್ಬರೇ ಇಡೀ ದಿನ ಬೂತಿನಲ್ಲಿ ಮಾಡುತ್ತೇನೆ ಅಂತ ಒಪ್ಪಿಕೊಳ್ಳಬೇಡಿ. 20ರಿಂದ 30 ನಿಮಿಷಕ್ಕೊಮ್ಮೆ ಮೈಕ್ ಬದಲಾಯಿಸುವುದು ಜಗತ್ತಿನ ಎಲ್ಲ ಕಡೆ ಇರುವ ರೂಢಿ. ಇದು ಸೋಮಾರಿತನವಲ್ಲ. ಅರ್ಧ ಗಂಟೆ ದಾಟಿದ ಮೇಲೆ ತಪ್ಪುಗಳು ಜಾಸ್ತಿಯಾಗುತ್ತವೆ, ಅದಕ್ಕಿಂತ ಕೆಟ್ಟದ್ದೇನೆಂದರೆ ತಪ್ಪಾದದ್ದು ನಮಗೇ ಗೊತ್ತಾಗುವುದಿಲ್ಲ.

ಹಂತ 2: ಪದಪಟ್ಟಿ ಮಾಡಿ, ಆದರೆ ನಿಘಂಟಿನಿಂದ ಶುರು ಮಾಡಬೇಡಿ

ನನ್ನ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮೇಲಿಂದ ಕೆಳಕ್ಕೆ ಮೂರು ಸಾಲು (ಕಾಲಂ) ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಸರ್ಕಾರಿ ಕಾಗದದಲ್ಲಿರುವ ಕನ್ನಡ, ಮೂರನೆಯದರಲ್ಲಿ ಆ ಕೆಲಸ ಮಾಡುವವರು ಬಾಯಲ್ಲಿ ಆಡುವ ಮಾತು. ಮೂರನೆಯ ಸಾಲು ತುಂಬಲು ಫೋನ್ ಮಾಡಬೇಕು, ಸಾಧ್ಯವಾದರೆ ಹೋಗಿ ನೋಡಬೇಕು.

‘ಕೋಲ್ಡ್ ಪ್ರೆಸ್ಡ್ ಆಯಿಲ್’ ಅನ್ನುವುದಕ್ಕೆ ಹೊಸಬರೊಬ್ಬರು ‘ಶೀತಲ ಒತ್ತಡದ ಎಣ್ಣೆ’ ಅಂದದ್ದನ್ನು ಕೇಳಿದ್ದೇನೆ. ಸಭೆಯಲ್ಲಿದ್ದವರು ಫ್ರಿಜ್ಜಿನಲ್ಲಿಟ್ಟ ಎಣ್ಣೆ ಅಂದುಕೊಂಡರೋ ಏನೋ. ಅದು ಗಾಣದ ಎಣ್ಣೆ, ಅಷ್ಟೇ. ‘ಬಯೋಗ್ಯಾಸ್ ಪ್ಲಾಂಟ್’ ಹಳ್ಳಿಯಲ್ಲಿ ಇವತ್ತಿಗೂ ಗೋಬರ್ ಗ್ಯಾಸ್. ‘ವರ್ಮಿಕಾಂಪೋಸ್ಟ್’ ಎರೆಗೊಬ್ಬರ. ‘ಮೈಕ್ರೋಫೈನಾನ್ಸ್ ಇನ್‌ಸ್ಟಾಲ್‌ಮೆಂಟ್’ ವಾರದ ಕಂತು. ‘ಸೆಲ್ಫ್ ಹೆಲ್ಪ್ ಗ್ರೂಪ್’ಗೆ ‘ಸ್ವಸಹಾಯ ಗುಂಪು’ ಅಂತ ಫೈಲಿನಲ್ಲಿದೆ. ಬಾಯಲ್ಲಿ ಅದು ಬರೀ ‘ಸಂಘ’. “ನಮ್ಮ ಸಂಘದಲ್ಲಿ” ಅಂದರೆ ಯಾವ ಸಂಘ ಅಂತ ಯಾರೂ ಕೇಳುವುದಿಲ್ಲ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಹೆಣ್ಣುಮಕ್ಕಳ ಸಂಘಗಳಿಗಾಗಿ ನಮ್ಮ ರಾಜ್ಯ ತಂದ ಸ್ತ್ರೀಶಕ್ತಿ ಯೋಜನೆ 2000-01ರದ್ದು. ಅಂದರೆ ಈ ಪದಗಳು ಒಂದು ತಲೆಮಾರು ಬಾಯಲ್ಲಿ ಉರುಳಿ ನುಣುಪಾಗಿವೆ. ಅವನ್ನು ಬಿಟ್ಟು ನೀವು ಹೊಸದನ್ನು ಕಟ್ಟಿದರೆ ನಷ್ಟ ನಿಮಗೇ.

ಇನ್ನು ‘ಹಸಿರು’ ಅನ್ನುವ ಪದ. ಇದು ಸುಲಭ ಅಂದುಕೊಂಡೇ ನಾನು ಮೊದಲ ಸಲ ಎಡವಿದ್ದು. ಮಂಡ್ಯದಲ್ಲಿ ಹಸಿರು ಅಂದ ತಕ್ಷಣ ಕಣ್ಣಿಗೆ ಬರುವುದು ರೈತ ಸಂಘದ ಹಸಿರು ಶಾಲು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು 1980ರಲ್ಲಿ. ಅವತ್ತಿನಿಂದ ಇಲ್ಲಿ ಆ ಬಣ್ಣಕ್ಕೆ ಹೋರಾಟದ ಅರ್ಥವೂ ಸೇರಿಕೊಂಡಿದೆ. ಇನ್ನೊಂದು ಕಡೆ ‘ಹಸಿರು ಕ್ರಾಂತಿ’ ಇದೆ. ಅದು ಯೂರಿಯಾ, ಹೈಬ್ರಿಡ್ ಬೀಜ, ನಾಲೆ ನೀರಿನ ಕಥೆ. ಈಗಿನ ಹಸಿರು ಉದ್ಯಮದವರು ಯಾವುದನ್ನು ಬಿಡಿ ಅನ್ನುತ್ತಾರೋ ಹೆಚ್ಚುಕಮ್ಮಿ ಅದೇ. ಒಂದೇ ಭಾಷಣದಲ್ಲಿ ಈ ಮೂರೂ ಬಂದರೆ ಕೇಳುವವರು ತಬ್ಬಿಬ್ಬಾಗುತ್ತಾರೆ. ಅದಕ್ಕೇ ನಾನು ಶುರುವಿನಲ್ಲಿ ಒಮ್ಮೆ ‘ಪರಿಸರಕ್ಕೆ ಹಾನಿ ಮಾಡದ ಉದ್ಯಮ’ ಅಂತ ಬಿಡಿಸಿ ಹೇಳಿ, ಆಮೇಲೆ ‘ಹಸಿರು ಉದ್ಯಮ’ ಅಂತ ಮುಂದುವರಿಸುತ್ತೇನೆ. ಬಿಡಿಸಿ ಹೇಳಲು ಒಂದೇ ಅವಕಾಶ. ಪ್ರತಿ ಸಲ ಬಿಡಿಸುತ್ತಾ ಕೂತರೆ ಭಾಷಣ ಮುಂದೆ ಹೋಗಿರುತ್ತದೆ.

‘ಗ್ರೀನ್‌ವಾಷಿಂಗ್’, ಅಂದರೆ ಪರಿಸರಸ್ನೇಹಿ ಅಲ್ಲದ್ದನ್ನು ಹಾಗೆ ಅಂತ ತೋರಿಸಿಕೊಳ್ಳುವುದು. ಅದನ್ನು ಒಮ್ಮೆ ‘ಹಸಿರು ತೊಳೆಯುವುದು’ ಅಂದುಬಿಟ್ಟೆ. ಮುಂದಿನ ಸಾಲಿನ ಅಜ್ಜಿ ಪಕ್ಕದವರನ್ನು “ಸೊಪ್ಪಾ?” ಅಂತ ಕೇಳಿದ್ದು ಬೂತಿನಿಂದ ಕಾಣಿಸಿತು. ಈಗ ‘ಹಸಿರು ಸೋಗು’ ಅನ್ನುತ್ತೇನೆ. ಸಮಯವಿದ್ದರೆ ‘ಮೇಲೆ ಹಸಿರು ಬಣ್ಣ ಬಳಿದು ಮಾರುವುದು’ ಅನ್ನುತ್ತೇನೆ.

ಎಲ್ಲವನ್ನೂ ಹಳ್ಳಿ ಮಾತಿಗೆ ಇಳಿಸಲು ಹೋಗಬೇಡಿ. ಅದೂ ಒಂದು ರೋಗ. ಸಬ್ಸಿಡಿ, ಲೋನ್, ಜಿಎಸ್‌ಟಿ, ಫುಡ್ ಲೈಸೆನ್ಸ್ ಇವೆಲ್ಲ ಸಂಘದವರು ದಿನಾ ಬಳಸುವ ಪದಗಳು. ‘ಸಹಾಯಧನ’ ಅಂದರೂ ಅರ್ಥವಾಗುತ್ತದೆ, ಆದರೆ ‘ಸಬ್ಸಿಡಿ’ ಅಂದರೆ ಕೈ ಪೆನ್ನಿಗೆ ಹೋಗುತ್ತದೆ. ‘ಕಾರ್ಬನ್ ಕ್ರೆಡಿಟ್’ ಕೂಡ ಹಾಗೇ ಇರಲಿ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ ಒಂದು ಕ್ರೆಡಿಟ್ ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ಮಂಡ್ಯದಲ್ಲಿ ಈ ಮಾತು ಬಂದರೆ ಭತ್ತದ ಗದ್ದೆಯೂ ಬರುವ ಸಾಧ್ಯತೆ ಹೆಚ್ಚು. ಯಾವಾಗಲೂ ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲ ಹೊರಬರುತ್ತದೆ, ಅದೂ ಇಂಗಾಲದ ಡೈಆಕ್ಸೈಡ್‌ನಂತೆ ಭೂಮಿಯನ್ನು ಬಿಸಿ ಮಾಡುವಂಥದ್ದು. ನಡುನಡುವೆ ಒಣಗಲು ಬಿಟ್ಟರೆ ಅದು ಕಡಿಮೆಯಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಉದ್ದ ಹೆಸರಿದೆ. ನಮ್ಮಲ್ಲಿ ‘ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವುದು’ ಅಂದರೆ ಸಾಕು. ‘ನೀರಾವರಿ’ ಅನ್ನುವುದು ಇಲಾಖೆಯ ಹೆಸರು. ಗದ್ದೆಯಲ್ಲಿ ಮಾಡುವುದು ನೀರು ಕಟ್ಟುವುದು.

ಸಭೆಯ ವಿಷಯ ಬೆಲ್ಲವಾದರೆ ಒಂದು ಆಲೆಮನೆಗೆ ಹೋಗಿ ಬನ್ನಿ. ಮಂಡ್ಯದ ಸುತ್ತ ಅದಕ್ಕೇನು ಬರವಿಲ್ಲ. ಕಬ್ಬು ಅರೆಯುವುದು, ಹಾಲು ಕೊಪ್ಪರಿಗೆಗೆ ಬೀಳುವುದು, ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕುವುದು, ಪಾಕ ಬಂದ ಮೇಲೆ ಅಚ್ಚಿಗೆ ಹೊಯ್ಯುವುದು, ಎಲ್ಲ ಒಂದು ಗಂಟೆ ನಿಂತು ನೋಡಿ. ಇಲ್ಲಿ ‘ಹಾಲು’ ಅಂದರೆ ಕಬ್ಬಿನ ಹಾಲು ಅಂತ ಗೊತ್ತಿಲ್ಲದೆ ‘ಮಿಲ್ಕ್’ ಅಂದುಬಿಟ್ಟರೆ ಮುಗಿಯಿತು, ಹೊರಗಿನ ಅತಿಥಿ ಬೆಲ್ಲಕ್ಕೆ ಹಸು ಹುಡುಕುತ್ತಾರೆ. ತಿಂಡಿ-ತಿನಿಸಿನ ಸಂಸ್ಕರಣೆ ಮೇಲೆ ಸಭೆಯಾದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಹೆಸರು ಬಂದೇ ಬರುತ್ತದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿಂದ ತಂತ್ರಜ್ಞಾನ ಪಡೆದ ಹೆಣ್ಣುಮಕ್ಕಳು ವೇದಿಕೆಗೆ ಬಂದರೆ ‘ಶೆಲ್ಫ್ ಲೈಫ್’ ಅಂತ ಇಂಗ್ಲಿಷಿನಲ್ಲೇ ಹೇಳುತ್ತಾರೆ. ಸಂಘದವರು ಅದನ್ನೇ ‘ಎಷ್ಟು ದಿನ ಕೆಡದೆ ಇರ್ತದೆ’ ಅನ್ನುತ್ತಾರೆ. ಎರಡನ್ನೂ ಬರೆದುಕೊಳ್ಳಿ.

ಹಂತ 3: ಅಂಕಿಗಳಿಗೆ ಬೇರೆಯೇ ಕಾಗದ

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹೊರಗಿನಿಂದ ಬಂದ ಭಾಷಣಕಾರರೊಬ್ಬರು ಒಂದು ಯೋಜನೆಯ ಸಬ್ಸಿಡಿಯನ್ನು ‘ಒನ್ ಮಿಲಿಯನ್ ರುಪೀಸ್’ವರೆಗೆ ಅಂದರು. ನನ್ನ ಬಾಯಿಂದ ‘ಒಂದು ಕೋಟಿ’ ಅಂತ ಬಂತು. ಯಾರೂ ಗಮನಿಸಲಿಲ್ಲ ಅಂದುಕೊಂಡೆ. ಕಾಫಿ ವಿರಾಮದಲ್ಲಿ ಮೂವರು ಹೆಂಗಸರು ಆಧಾರ್ ಜೆರಾಕ್ಸ್ ಹಿಡಿದುಕೊಂಡು ಬೂತಿನ ಬಾಗಿಲಿಗೇ ಬಂದರು. “ಒಂದು ಕೋಟಿ ಅಂದ್ರಲ್ಲಾ ಮೇಡಂ, ಅರ್ಜಿ ಎಲ್ಲಿ ಕೊಡಬೇಕು?” ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಈ ಚೀಟಿಯನ್ನು ಬೂತಿನ ಗಾಜಿಗೆ ಅಂಟಿಸುವುದು ರೂಢಿಯಾಯಿತು:

1 ಮಿಲಿಯನ್ = 10 ಲಕ್ಷ
10 ಮಿಲಿಯನ್ = 1 ಕೋಟಿ
1 ಬಿಲಿಯನ್ = 100 ಕೋಟಿ
1 ಟ್ರಿಲಿಯನ್ = 1 ಲಕ್ಷ ಕೋಟಿ
1 ಹೆಕ್ಟೇರ್ = ಸುಮಾರು 2 ಎಕರೆ 19 ಗುಂಟೆ
1 ಎಕರೆ = 40 ಗುಂಟೆ

ಯೋಜನೆಗಳ ಅಂಕಿಗಳನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಭಾಷಣಕಾರರು ಅವನ್ನು ಉಸಿರು ಬಿಡದೆ ಓದುತ್ತಾರೆ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿಎಂಎಫ್‌ಎಂಇಯಲ್ಲಿ ಸಾಲಕ್ಕೆ ಜೋಡಿಸಿದ ಸಬ್ಸಿಡಿ 35 ಶೇಕಡಾ, ಹೆಚ್ಚೆಂದರೆ 10 ಲಕ್ಷ. ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ. ಮುದ್ರಾ ಸಾಲ 2015ರದ್ದು. ಶುರುವಾದಾಗ ಇದ್ದದ್ದು ಮೂರು ಬಗೆ: ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಸಭೆಯ ಹಿಂದಿನ ದಿನ ಇವು ಬದಲಾಗಿವೆಯಾ ಅಂತ ಒಮ್ಮೆ ನೋಡಿಕೊಳ್ಳಿ. ವೇದಿಕೆಯ ಮೇಲಿನವರು ತಪ್ಪು ಅಂಕಿ ಹೇಳಿದರೆ ನೀವು ತಿದ್ದುವ ಹಾಗಿಲ್ಲ, ಅವರು ಹೇಳಿದ್ದನ್ನೇ ಹೇಳಬೇಕು. ಆದರೆ ತಪ್ಪು ಯಾರದ್ದು ಅಂತ ನಿಮಗಾದರೂ ಗೊತ್ತಿರಬೇಕಲ್ವಾ?

ಮೈಕ್ ಇಲ್ಲದ ಜೊತೆಗಾರರ ಮುಖ್ಯ ಕೆಲಸವೇ ಅಂಕಿ ಬರೆಯುವುದು. ದೊಡ್ಡದಾಗಿ, ದಪ್ಪ ಪೆನ್ನಿನಲ್ಲಿ, ಕನ್ನಡ ಲೆಕ್ಕಕ್ಕೆ ಬದಲಾಯಿಸಿಯೇ ಬರೆಯಬೇಕು. ‘3.5 ಕೋಟಿ’ ಅಂತ ಬರೆದು ತಳ್ಳಿದರೆ ಮಾತಾಡುತ್ತಿರುವವರು ಕಣ್ಣು ಹಾಯಿಸಿದರೆ ಸಾಕು. ಮೊಬೈಲ್ ನೋಡುತ್ತಾ ಕೂರುವ ಜೊತೆಗಾರರ ಜೊತೆ ನಾನು ಎರಡನೇ ಸಲ ಕೆಲಸ ಮಾಡುವುದಿಲ್ಲ.

ಹಂತ 4: ಹಿಂದಿನ ದಿನ ಹಾಲ್ ನೋಡಿ

ಬೂತಿನಿಂದ ವೇದಿಕೆ ಮತ್ತು ಪರದೆ ಎರಡೂ ಕಾಣಬೇಕು. ಕಂಬದ ಹಿಂದೆ ಇಟ್ಟಿದ್ದರೆ ಅವತ್ತೇ ಸರಿಸಿ. ತಂದು ಜೋಡಿಸುವ ಬೂತ್‌ಗಳಿಗೆ ಐಎಸ್‌ಒ 4043 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಇಬ್ಬರು ಕೂರುವ ಬೂತ್ ಕನಿಷ್ಠ 1.6 ಮೀಟರ್ ಅಗಲ, 1.6 ಮೀಟರ್ ಆಳ, 2 ಮೀಟರ್ ಎತ್ತರ ಇರಬೇಕು. ನಮ್ಮ ಕಡೆ ಎಷ್ಟೋ ಸಲ ಸಿಗುವುದು ಮೇಜಿನ ಮೇಲಿಡುವ ಅರ್ಧ ಡಬ್ಬಿ. ಪರವಾಗಿಲ್ಲ, ಆದರೆ ಅದನ್ನು ಸ್ಪೀಕರ್ ಪಕ್ಕದಲ್ಲಿ, ಊಟದ ಬಾಗಿಲಿನ ಹತ್ತಿರ ಇಡಲು ಬಿಡಬೇಡಿ.

ಹೆಡ್‌ಫೋನ್ ರಿಸೀವರ್ ಇನ್‌ಫ್ರಾರೆಡ್ಡಾ, ರೇಡಿಯೋನಾ ಕೇಳಿ. ಇನ್‌ಫ್ರಾರೆಡ್ ಮುಚ್ಚಿದ ಹಾಲಿನಲ್ಲಿ ಚೆನ್ನ, ನೇರ ಬಿಸಿಲು ಬಿದ್ದರೆ ಕೈಕೊಡುತ್ತದೆ. ಶಾಮಿಯಾನದಲ್ಲೋ, ಆಚೆ ಅಂಗಳದ ಮಳಿಗೆಗಳ ನಡುವೆಯೋ ಸಭೆಯಾದರೆ ರೇಡಿಯೋ ಸೆಟ್ಟೇ ಬೇಕು. ಕರೆಂಟ್ ಹೋದರೆ ಜನರೇಟರ್ ಹತ್ತುವವರೆಗೆ ನಿಮ್ಮ ಯಂತ್ರ ನಡೆಯುತ್ತದೆಯಾ ಅಂತಲೂ ಕೇಳಿ. ಬರೀ ಕೇಳಬೇಡಿ, ಪ್ಲಗ್ ಕಿತ್ತು ನೋಡಿ.

ಇನ್ನೊಂದು ವಿಷಯವನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಸಭೆಗೆ ಬರುವ ನಮ್ಮ ಹೆಂಗಸರು ತಲೆ ತುಂಬ ಮಲ್ಲಿಗೆ ಮುಡಿದು ಬರುತ್ತಾರೆ, ಕಿವಿಗೆ ಜುಮುಕಿ ಹಾಕಿರುತ್ತಾರೆ. ತಲೆ ಮೇಲೆ ಪಟ್ಟಿ ಬರುವ ಹೆಡ್‌ಫೋನ್ ಕೊಟ್ಟರೆ ಹೂವು ನಲುಗುತ್ತದೆ ಅಂತ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಕೇಳಿದರೆ “ಕೇಳಿಸ್ತಾ ಅದೆ” ಅನ್ನುತ್ತಾರೆ. ಒಂದು ಕಿವಿಗೆ ಸಿಕ್ಕಿಸುವ ಬಗೆಯದನ್ನು ತರಿಸಿ. ಯಾವ ಚಾನೆಲ್‌ನಲ್ಲಿ ಯಾವ ಭಾಷೆ ಅಂತ ಗೊತ್ತಾಗಲು ಅದರ ಮೇಲೆ ‘1 – ಕನ್ನಡ, 2 – ಇಂಗ್ಲಿಷ್’ ಅಂತ ಚೀಟಿ ಅಂಟಿಸಿ. ಹೇಗೆ ಹಾಕಿಕೊಳ್ಳಬೇಕು ಅಂತ ಶುರುವಿನಲ್ಲಿ ವೇದಿಕೆಯಿಂದ ಒಬ್ಬರು ಕನ್ನಡದಲ್ಲಿ ಮಾಡಿ ತೋರಿಸಲಿ. ಐದು ನಿಮಿಷದ ಕೆಲಸ, ಇಡೀ ದಿನ ಉಳಿಯುತ್ತದೆ.

ಭಾಷಣಕಾರರು ಸಿಕ್ಕರೆ ಎರಡು ಮಾತು ಹೇಳಿ: ಮೈಕ್ ಬಿಟ್ಟು ಮಾತಾಡಬೇಡಿ, ಬರೆದದ್ದನ್ನು ಓದುವುದಾದರೆ ಒಂದು ಪ್ರತಿ ಕೊಡಿ. ಓದುವವರ ವೇಗವನ್ನು ಯಾರೂ ಹಿಡಿಯಲಾರರು. ಎರಡನೇ ಮಹಾಯುದ್ಧದ ಅಪರಾಧಗಳ ವಿಚಾರಣೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1945ರಲ್ಲಿ ಶುರುವಾದಾಗ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕು ಭಾಷೆಗಳಲ್ಲಿ ಹೀಗೆ ಜೊತೆಜೊತೆಗೆ ಹೇಳುವ ಏರ್ಪಾಡಿತ್ತು. ಅಲ್ಲಿ ಹಳದಿ ದೀಪ ಹತ್ತಿದರೆ ನಿಧಾನ ಅಂತ, ಕೆಂಪು ಹತ್ತಿದರೆ ನಿಲ್ಲಿಸಿ ಅಂತ. ನಮಗೆ ಅಂಥ ದೀಪ ಯಾರು ಕೊಡುತ್ತಾರೆ? ಮುಂದಿನ ಸಾಲಿನಲ್ಲಿ ಒಬ್ಬ ಕಾರ್ಯಕರ್ತೆಯನ್ನು ಕೂರಿಸಿ, ಬೂತಿನಿಂದ ಕೈ ಎತ್ತಿದಾಗ ಅವರು ‘ನಿಧಾನ’ ಅನ್ನುವ ಹಳದಿ ರಟ್ಟು ತೋರಿಸುವಂತೆ ಮಾಡಿಕೊಂಡಿದ್ದೇನೆ. ಹತ್ತರಲ್ಲಿ ಆರು ಸಲ ಕೆಲಸ ಮಾಡುತ್ತದೆ.

ಹಂತ 5: ಬೂತಿನ ಒಳಗೆ

ಇಂಗ್ಲಿಷಿನ ವಾಕ್ಯ ಮೊದಲೇ ಕ್ರಿಯೆ ಹೇಳಿ ಆಮೇಲೆ ಬಾಲ ಎಳೆದುಕೊಂಡು ಹೋಗುತ್ತದೆ. ಕನ್ನಡದ ವಾಕ್ಯ ಎಲ್ಲವನ್ನೂ ಹೊತ್ತುಕೊಂಡು ಬಂದು ಕೊನೆಯಲ್ಲಿ ಕ್ರಿಯೆ ಇಳಿಸುತ್ತದೆ. ಬೂತಿನ ಕಷ್ಟವೆಲ್ಲ ಇದರಲ್ಲೇ ಇದೆ.

ಇಂಗ್ಲಿಷಿನಿಂದ ಬರುವಾಗ ವಾಕ್ಯ ಮುಗಿಯಲಿ ಅಂತ ಕಾದರೆ ಕೆಟ್ಟಿರಿ. ಕತ್ತರಿಸಿ. ಸ್ವಂತ ಜಮೀನಿಲ್ಲದ, ಮೂರು ವರ್ಷ ಸಂಘದಲ್ಲಿರುವ, ಆಹಾರದ ಉದ್ಯಮ ಶುರು ಮಾಡಬೇಕೆಂದಿರುವ ಮಹಿಳೆಯರಿಗೆ ಯೋಜನೆ ನೆರವಾಗುತ್ತದೆ ಅಂತ ಅವರು ಒಂದೇ ಉಸಿರಿಗೆ ಹೇಳುತ್ತಾರೆ ಅಂದುಕೊಳ್ಳಿ. ನೀವು ಹೀಗೆ ಹೋಗಿ: “ಈ ಯೋಜನೆ ಮಹಿಳೆಯರಿಗೆ. ಅವರಿಗೆ ಸ್ವಂತ ಜಮೀನು ಇರಬಾರದು. ಸಂಘದಲ್ಲಿ ಮೂರು ವರ್ಷ ಆಗಿರಬೇಕು. ಆಹಾರದ ಉದ್ಯಮ ಶುರು ಮಾಡುವವರಾಗಿರಬೇಕು.” ನಾಲ್ಕು ತುಂಡು, ಕಿವಿಗೆ ಸುಲಭ. ಅರ್ಧ ವಾಕ್ಯದಷ್ಟು ಹಿಂದೆ ಇರಿ. ಅದಕ್ಕಿಂತ ಹಿಂದೆ ಬಿದ್ದರೆ ಮರೆಯುತ್ತೀರಿ, ಅದಕ್ಕಿಂತ ಹತ್ತಿರ ಹೋದರೆ ಪದಕ್ಕೆ ಪದ ಕಟ್ಟಲು ಹೋಗಿ ಎಡವುತ್ತೀರಿ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಆಟವೇ ಬೇರೆ. ಒಬ್ಬ ಅಕ್ಕ ಹೇಳುತ್ತಾರೆ: “ನಮ್ ಸಂಘದಿಂದ ಹೋದ ವರ್ಷ ಬ್ಯಾಂಕಲ್ಲಿ ಸಾಲ ಎತ್ತಿ, ಕೊಯಮತ್ತೂರಿಂದ ಮಿಷನ್ ತಂದು, ಊರಲ್ಲೇ ಅಡಿಕೆ ತಟ್ಟೆ ಮಾಡೋದು ಅಂತ ಎಲ್ಲಾ ಮಾಡ್ಕಂಡಿದ್ವಿ… ಆಗ್ನಿಲ್ಲ.” ಆ ಕೊನೆಯ ಒಂದು ಪದ ಇಡೀ ಕಥೆಯನ್ನು ತಿರುಗಿಸಿತು. ನೀವು ಆತುರಪಟ್ಟು ‘ಸಾಲ ಪಡೆದರು, ಯಂತ್ರ ತಂದರು’ ಅಂತ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದರೆ ಈಗ ಎಲ್ಲವನ್ನೂ ನುಂಗಿಕೊಳ್ಳಬೇಕು. ಅದಕ್ಕೆ ತೆರೆದಿಟ್ಟುಕೊಂಡು ಹೋಗಿ: ಹೋದ ವರ್ಷ, ನಮ್ಮ ಸಂಘ, ನಮ್ಮ ಲೆಕ್ಕಾಚಾರ ಏನಿತ್ತೆಂದರೆ ಬ್ಯಾಂಕ್ ಸಾಲ, ಕೊಯಮತ್ತೂರಿನ ಯಂತ್ರ, ಊರಲ್ಲೇ ತಟ್ಟೆ. ಈ ಜಾಡಿನಲ್ಲಿ ಹೋದರೆ ಕೊನೆಗೆ ‘ಆಯಿತು’ ಅಂದರೂ ಸೈ, ‘ಆಗಲಿಲ್ಲ’ ಅಂದರೂ ಸೈ. ಮನೆಯಲ್ಲಿ ಇದಕ್ಕೆ ಅಭ್ಯಾಸ ಬೇಕಾದರೆ ಆಕಾಶವಾಣಿಯ ಕೃಷಿ ಕಾರ್ಯಕ್ರಮದ ಸಂದರ್ಶನ ಹಾಕಿಕೊಂಡು ಜೊತೆಗೆ ಹೇಳುತ್ತಾ ಹೋಗಿ. ಹದಿನೈದು ನಿಮಿಷಕ್ಕೇ ಬೆವರು ಬರುತ್ತದೆ.

ಅವರು ‘ನಾನು’ ಅಂದರೆ ನೀವೂ ‘ನಾನು’. “ಅವರು ಹೇಳ್ತಾ ಇದ್ದಾರೆ ಏನಂದ್ರೆ” ಅಂತ ಶುರು ಮಾಡಬೇಡಿ. ಇಂಗ್ಲಿಷಿನ ‘ಶೀ’ ಕನ್ನಡದಲ್ಲಿ ‘ಅವರು’. ವೇದಿಕೆ ಮೇಲಿನ ಹೆಂಗಸನ್ನು ‘ಅವಳು’ ಅಂದರೆ ಸಭೆ ಕ್ಷಮಿಸುವುದಿಲ್ಲ. ‘ಫಾರ್ಮರ್’ ಅಂದಾಗಲೆಲ್ಲ ಬಾಯಿಗೆ ‘ರೈತ’ ಬರುತ್ತದೆ, ಆಮೇಲೆ ‘ಅವನು’ ಬರುತ್ತದೆ. ಸಭೆಯಲ್ಲಿ ಕೂತಿರುವ ಇನ್ನೂರು ಜನರಲ್ಲಿ ಮುಕ್ಕಾಲು ಪಾಲು ಗದ್ದೆಯಲ್ಲಿ ನಾಟಿ ಹಾಕಿದ ಹೆಂಗಸರು. ‘ರೈತರು’ ಅನ್ನಿ, ‘ರೈತ ಮಹಿಳೆ’ ಅನ್ನಿ.

ತಪ್ಪಾದರೆ ಮುಚ್ಚಿಡಬೇಡಿ. “ತಿದ್ದುಪಡಿ, ಕೋಟಿ ಅಲ್ಲ, ಹತ್ತು ಲಕ್ಷ” ಅಂತ ಆ ಕ್ಷಣವೇ ಹೇಳಿ. ಕೇಳಿಸದಿದ್ದರೆ “ಭಾಷಣಕಾರರು ಮೈಕ್ ಬಳಸುತ್ತಿಲ್ಲ” ಅನ್ನಿ. ಸುಮ್ನೆ ಕೂತರೆ ಯಂತ್ರ ಕೆಟ್ಟಿದೆ ಅಂದುಕೊಂಡು ಎಲ್ಲರೂ ಹೆಡ್‌ಫೋನ್ ತೆಗೆದಿಡುತ್ತಾರೆ.

ಗಂಟಲಿನ ವಿಷಯ. ಉಗುರುಬೆಚ್ಚಗಿನ ನೀರು ಸಾಕು. ಆಯೋಜಕರು ಪ್ರೀತಿಯಿಂದ ಬೂತಿಗೆ ಮೈಸೂರು ಪಾಕ್ ಕಳಿಸುತ್ತಾರೆ. ಸಂಜೆಗೆ ಇಟ್ಟುಕೊಳ್ಳಿ. ತುಪ್ಪ, ಸಕ್ಕರೆ ಗಂಟಲಿಗೆ ಅಂಟಿಕೊಂಡು ಪ್ರತಿ ವಾಕ್ಯಕ್ಕೂ ಕೆಮ್ಮಬೇಕಾಗುತ್ತದೆ. ಮಂಡ್ಯದಲ್ಲಿ ಸಭೆಯಾದರೆ ಮಧ್ಯಾಹ್ನ ಮುದ್ದೆ ಊಟ. ಒಂದು ಮುದ್ದೆ ಕಮ್ಮಿ ತಿನ್ನಿ. ಊಟದ ನಂತರದ ಸರದಿಯನ್ನು ಮೊದಲು ತೆಗೆದುಕೊಳ್ಳುವವರು ಯಾರು ಅಂತ ಬೆಳಿಗ್ಗೆಯೇ ಜೊತೆಗಾರರ ಹತ್ತಿರ ತೀರ್ಮಾನ ಮಾಡಿಕೊಳ್ಳಿ, ಇಲ್ಲದಿದ್ದರೆ ಜಗಳ.

ಹಂತ 6: ಮಳಿಗೆಗಳ ನಡುವೆ, ಪ್ರಶ್ನೋತ್ತರದಲ್ಲಿ

ಅಂಗಳದಲ್ಲಿ ಹತ್ತಾರು ಮಳಿಗೆ ಹಾಕಿರುತ್ತಾರೆ. ಅತಿಥಿಯನ್ನು ಕರೆದುಕೊಂಡು ಹೋಗುವಾಗ ಟಿಪ್ಪಣಿ ಹಿಡಿದು ನಿಂತು ಹೇಳುವ ಕೆಲಸ. ಪುಟ್ಟ ಪುಸ್ತಕ, ಮೇಲಕ್ಕೆ ಮಡಚುವಂಥದ್ದು ಇರಲಿ. ವಾಕ್ಯ ಬರೆಯಬೇಡಿ. ಯಾರು, ಏನು, ಎಷ್ಟು, ‘ಆದರೆ’, ‘ಅದಕ್ಕೇ’ ಇಷ್ಟು ಬರೆಯಿರಿ. ‘ಆದರೆ’ ಬಿಟ್ಟುಹೋದರೆ ಕಥೆ ತಲೆಕೆಳಗಾಗುತ್ತದೆ.

ಒಂದು ಮಳಿಗೆಯಲ್ಲಿ ಹೊರಗಿನ ಅತಿಥಿ ಕೇಳಿದರು, ಉದ್ಯಮಿಯಾಗಿ ನಿಮಗೆ ಎದುರಾದ ದೊಡ್ಡ ಕಷ್ಟ ಯಾವುದು ಅಂತ. ನಾನು ಕನ್ನಡದಲ್ಲಿ ಕೇಳಿದೆ. ಪಾಂಡವಪುರ ಕಡೆಯ ಆ ಅವ್ವ ಕೈ ಆಡಿಸಿದರು. “ಅಯ್ಯೋ ಉದ್ಯಮಿ ಅಲ್ಲ ಕಣವ್ವ, ನಾನು ಅಪ್ಪಳ ಮಾಡ್ತೀನಿ ಅಷ್ಟೇಯ.” ಇದನ್ನು ಬಿಟ್ಟು ನೇರ ಉತ್ತರಕ್ಕೆ ಹೋಗೋಣ ಅಂತ ಆಸೆಯಾಗುತ್ತದೆ, ಸಮಯ ಉಳಿಯುತ್ತದೆ. ನಾನು ಬಿಡಲಿಲ್ಲ, ಹಾಗೇ ಹೇಳಿದೆ. ಅತಿಥಿ ನಕ್ಕು, ತಿಂಗಳಿಗೆ ಎಷ್ಟು ಕೆಲಸದವರಿಗೆ ಸಂಬಳ ಕೊಡುತ್ತೀರಿ ಅಂದರು. “ಏಳು ಜನ.” ಆಮೇಲೆ ಮಾತು ಹೋದ ದಾರಿಯೇ ಬೇರೆ. ಅವ್ವ ಮಳೆಗಾಲದಲ್ಲಿ ಹಪ್ಪಳ ಒಣಗದ ಕಷ್ಟ ಹೇಳಿದರು, ಸೋಲಾರ್ ಡ್ರೈಯರ್ ಬೆಲೆ ವಿಚಾರಿಸಿದರು, ಅದರ ಸಾಲಕ್ಕೆ ಹೆಂಗಸರ ಹೆಸರಿನಲ್ಲಿ ಜಾಗದ ಪತ್ರ ಕೇಳುವ ಬ್ಯಾಂಕಿನವರನ್ನು ಚೆನ್ನಾಗಿ ಬೈದರು. ಬೈಗುಳವನ್ನೂ ಹೇಳಬೇಕು. ಅದೇ ಖಾರದಲ್ಲಿ ಹೇಳಬೇಕು. ನೀವು ನಯ ಮಾಡಿ ಹೇಳಿದರೆ ಅತಿಥಿಗೆ ಅದೊಂದು ದೊಡ್ಡ ಸಮಸ್ಯೆ ಅಂತಲೇ ಗೊತ್ತಾಗುವುದಿಲ್ಲ.

ಪ್ರಶ್ನೋತ್ತರದಲ್ಲಿ ಕೆಲವು ಹೆಂಗಸರು ಅಳುತ್ತಾರೆ. ಕುಡಿಯುವ ಗಂಡ, ಒತ್ತಿಟ್ಟ ಒಡವೆ, ಮನೆಯವರು ಸಭೆಗೆ ಕಳಿಸದ ಕಥೆ. ನಿಮ್ಮ ದನಿ ನಡುಗಬಾರದು, ಕಲ್ಲಾಗಲೂಬಾರದು. ನಿಧಾನಕ್ಕೆ ಹೇಳಿ. ನಿಮ್ಮ ಕಡೆಯಿಂದ ‘ಪಾಪ’ ಸೇರಿಸಬೇಡಿ. ತುಂಬ ಕಷ್ಟವಾದರೆ ಮೈಕ್ ಜೊತೆಗಾರರಿಗೆ ದಾಟಿಸಿ. ನಾನು ಎರಡು ಸಲ ದಾಟಿಸಿದ್ದೇನೆ.

ಅಲ್ಲಿ ಕೇಳಿದ್ದು ಅಲ್ಲೇ. ಯಾರ ಸಾಲ ಎಷ್ಟು, ಯಾರ ಚಟ್ನಿಪುಡಿಗೆ ಏನು ಹಾಕುತ್ತಾರೆ, ಯಾರು ಯಾರಿಗೆ ಯಾವ ದರಕ್ಕೆ ಮಾರುತ್ತಾರೆ, ಇದೆಲ್ಲ ನಿಮ್ಮ ಕಿವಿಗೆ ಬೀಳುತ್ತದೆ. ಪಕ್ಕದ ಮಳಿಗೆಯವರು ಚಹಾ ಕೊಟ್ಟು ಕೇಳಿದರೂ ಬಾಯಿ ಬಿಡಬೇಡಿ. ಮೈಸೂರು ಮಂಡ್ಯ ಎಷ್ಟು ದೂರ, 45 ಕಿಲೋಮೀಟರ್. ಮಾತು ನಿಮಗಿಂತ ಮುಂಚೆ ಊರು ಸೇರುತ್ತದೆ.

ಹಂತ 7: ಸಭೆ ಮುಗಿದ ಮೇಲೆ

ರಿಸೀವರ್‌ಗಳನ್ನು ಎಣಿಸುವುದು ನಿಮ್ಮ ಕೆಲಸವಲ್ಲ. ಆದರೆ ಸೆಟ್ ಕಮ್ಮಿಯಾದರೆ ಬಾಡಿಗೆಯವರು ನಿಮ್ಮ ಕಡೆಯೇ ನೋಡುತ್ತಾರೆ. “ಊಟಕ್ಕೆ ಹೋಗುವಾಗ ಕಿವಿಯದನ್ನು ಕುರ್ಚಿ ಮೇಲಿಟ್ಟು ಹೋಗಿ” ಅಂತ ಬೂತಿನಿಂದಲೇ ಒಂದು ಮಾತು ಹೇಳಿಬಿಡಿ. ಒಮ್ಮೆ ಒಂದು ಸೆಟ್ ಶ್ರೀರಂಗಪಟ್ಟಣದವರೆಗೆ ಒಬ್ಬರ ಜುಮುಕಿಯ ಪಕ್ಕದಲ್ಲೇ ಹೋಗಿತ್ತು. ಮರುದಿನ ಬಸ್ ಕಂಡಕ್ಟರ್ ಕೈಯಲ್ಲಿ ವಾಪಸ್ ಬಂತು.

ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಆಮೇಲೆ ಯೂಟ್ಯೂಬಿಗೆ ಹಾಕುತ್ತಾರೆಯೇ ಅಂತ ಮೊದಲೇ ಕೇಳಿರದಿದ್ದರೆ ಈಗಲಾದರೂ ಕೇಳಿ. ಹಾಕುವುದಾದರೆ ಅದು ಬೇರೆ ಒಪ್ಪಂದ. ಬಿಲ್ ಅವತ್ತೇ ಕಳಿಸಿ. ಒಂದು ವಾರ ಬಿಟ್ಟು ಕಳಿಸಿದರೆ ಆಯೋಜಕರು ಮುಂದಿನ ಸಭೆಯ ತಲೆಬಿಸಿಯಲ್ಲಿರುತ್ತಾರೆ.

ಪದಪಟ್ಟಿಯ ಮೂರನೆಯ ಸಾಲನ್ನು ಬಸ್ಸಿನಲ್ಲೇ ತುಂಬಿಸಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಅರ್ಧ ಮರೆತಿರುತ್ತದೆ. ನನ್ನ ಪುಸ್ತಕದಲ್ಲಿ ‘ಸಸ್ಟೈನಬಲ್ ಬಿಸಿನೆಸ್’ ಪಕ್ಕ ‘ಸುಸ್ಥಿರ ಉದ್ಯಮ’ ಅಂತ ಬರೆದು ಮೂರನೆಯ ಸಾಲು ವರ್ಷಗಟ್ಟಲೆ ಖಾಲಿ ಇತ್ತು. ಪಾಂಡವಪುರದ ಆ ಹಪ್ಪಳದ ಅವ್ವ ಸಿಕ್ಕ ದಿನ, ವಾಪಸ್ ಬರುವಾಗ ಅವರೂ ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಈ ಪದಕ್ಕೆ ನೀವೇನು ಅಂತೀರಿ ಅಂತ ಕೇಳಿ, ಅರ್ಥ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದರು. “ನಾಳಿಕ್ಕೂ ಉಳ್ಸ್ಕಂಡು ಮಾಡೋ ಯಾಪಾರ” ಅಂದರು. ಬಸ್ಸು ಕುಲುಕುತ್ತಿತ್ತು, ಅಕ್ಷರ ಸೊಟ್ಟಗೆ ಬಂದಿದೆ. ಆದರೆ ಓದಬಹುದು.